ಸಂಪಾದಕರ ಉತ್ತರ: ಕೊರಕಲು ಬಿದ್ದ ಸೈಕಲ್ ಹಾದಿ

ಶಿರಸಿ ಸಮೀಪದ ಓದುಗರೊಬ್ಬರ ಪತ್ರದ ಸಾರ ಇಷ್ಟು: ಊರಿನ ಸೊಪ್ಪಿನ ಬೆಟ್ಟದ (ತೋಟಿಗರು ಸೊಪ್ಪು ತರುವ ಕಾಡುಗುಡ್ಡ) ನೆತ್ತಿಯಿಂದ ಕೆರೆಯ ತನಕ ನೇರ ಇಳಿಯುವ ಮೌಂಟನ್ ಬೈಕ್ ಹಾದಿ ಕಳೆದ ಮಳೆಗಾಲದಲ್ಲಿ ಮೊಣಕಾಲುದ್ದ ಕೊರೆದುಹೋಗಿದೆ. ಜೆಸಿಬಿ ತರಿಸಿ ಮಣ್ಣು ತುಂಬುವುದು, ಕಡಿದಾದಲ್ಲಿ ಕಾಂಕ್ರೀಟ್ ಹಾಕುವುದು, ಖರ್ಚಿಗೆ ಜನವರಿಯಲ್ಲಿ ರೇಸ್ ನಡೆಸುವುದು ಎಂದು ಗೆಳೆಯರು ಯೋಚಿಸಿದ್ದಾರೆ. ಇದು ಸರಿಯೇ?

ಈ ವರ್ಷ ಮೂರೂ ಬೇಡ. ನಿಮ್ಮ ಹಾದಿ ಇಳಿಯುವ ದಿಕ್ಕೂ ನೀರು ಇಳಿಯುವ ದಿಕ್ಕೂ ಒಂದೇ. ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ ನಾಲ್ಕು ತಿಂಗಳಲ್ಲಿ ಸುರಿಯುವ ಕಡೆ ಅಂಥ ಹಾದಿ ಹಳ್ಳವೇ ಆಗುತ್ತದೆ. ತುಂಬಿದ ಮಣ್ಣು ಜುಲೈ ಹೊತ್ತಿಗೆ ಕೆರೆಯಲ್ಲಿರುತ್ತದೆ. ಜೆಸಿಬಿ ಜಂಬಿಟ್ಟಿಗೆಯ ಗಟ್ಟಿ ಪದರ ಕಿತ್ತರೆ ಅಡಿಯ ಮೆತ್ತನೆಯ ಶೇಡಿ ಮಣ್ಣು ಹೊರಬಿದ್ದು ಕೊರಕಲು ಇನ್ನೂ ಬೇಗ ಆಳವಾಗುತ್ತದೆ. ಕಾಂಕ್ರೀಟಿನ ಮೇಲೆ ನೀರಿನ ವೇಗ ಹೆಚ್ಚಿ, ಕಾಂಕ್ರೀಟ್ ಮುಗಿಯುವಲ್ಲಿ ಅಡಿಮಣ್ಣು ಜಾರಿ ಅದು ತೂಗಾಡತೊಡಗುತ್ತದೆ.

ಹಾದಿಯನ್ನು ಗುಡ್ಡದ ಮೈಗೆ ಅಡ್ಡಲಾಗಿ ಹೊಸದಾಗಿ ಎಳೆಯಬೇಕು. ಹಾದಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು, ಸರಾಸರಿ ಶೇ 10 ದಾಟಬಾರದು. ನಮ್ಮ ಮಳೆಗೆ ಶೇ 7–8 ಸಾಕು. ಇದನ್ನು ಅಳೆಯಲು ಗಾರೆಯವರ ನೀರಿನ ಪೈಪೇ ಆಗುತ್ತದೆ: 10 ಮೀಟರ್ ನಡೆಗೆ 70–80 ಸೆಂಟಿಮೀಟರ್ ಇಳಿದರೆ ಲೆಕ್ಕ ಸರಿ. ಗುದ್ದಲಿ ಹಿಡಿಯುವ ಮೊದಲು ಇಡೀ ಗೆರೆಗೆ ಬಣ್ಣದ ಬಟ್ಟೆ ಕಟ್ಟಿ, ಒಂದು ಜೋರು ಮಳೆಯಲ್ಲಿ ನಡೆದು ನೋಡಿ. ನೀರು ಎಲ್ಲಿ ಒಸರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಕ್ಷೆಗಿಂತ ಚೆನ್ನಾಗಿ ಆ ಮಳೆಯೇ ತೋರಿಸುತ್ತದೆ.

ಅಗೆಯುವಾಗ ದರಕು (ಉದುರಿದ ಒಣ ಎಲೆ), ಕಪ್ಪುಮಣ್ಣು ಪೂರ್ತಿ ಸರಿಸಿ ಗಟ್ಟಿ ನೆಲಕ್ಕೆ ಹೋಗಿ; ದರಕು ಉಳಿದರೆ ಸ್ಪಂಜಿನಂತೆ ನೀರು ಹಿಡಿದಿಡುತ್ತದೆ. ಹಾದಿಯ 80 ಸೆಂಟಿಮೀಟರ್ ಅಗಲವನ್ನು ಪೂರ್ತಿಯಾಗಿ ಗುಡ್ಡದ ಮೈಯಲ್ಲೇ ಕಡಿಯಿರಿ. ಅರ್ಧ ಕಡಿದು, ಅದೇ ಮಣ್ಣನ್ನು ಹೊರಗೆ ಹಾಕಿ ಅಗಲ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಆ ಸಡಿಲ ಅಂಚು ಮೊದಲ ಮಳೆಗೇ ಕುಸಿಯುತ್ತದೆ. ಹೊರ ಅಂಚು ಒಳಗಿನದಕ್ಕಿಂತ 4 ಸೆಂಟಿಮೀಟರ್ ತಗ್ಗಿರಲಿ. ಕಡಿದ ಕಡೆ ಮೇಲೆ ಉಳಿಯುವ ಧರೆಯನ್ನು ಗೋಡೆಯಂತೆ ನಿಲ್ಲಿಸದೆ ಓರೆಯಾಗಿ ಇಳಿಸಿ.

ಹಾದಿ ಹೊರಕ್ಕೆ ವಾಲಿದ ಓರೆಯೊಂದನ್ನೇ ನಂಬಬೇಡಿ. ಚಕ್ರಗಳು ನಡುವನ್ನು ತಗ್ಗಿಸಿ ಅಂಚಿಗೆ ಸಣ್ಣ ಒಡ್ಡು ಕಟ್ಟುತ್ತವೆ, ನೀರು ಹಾದಿಯ ಉದ್ದಕ್ಕೇ ಹರಿಯತೊಡಗುತ್ತದೆ. ಅದಕ್ಕೇ ಪ್ರತಿ 10–15 ಮೀಟರಿಗೊಮ್ಮೆ ಹಾದಿ ಮೂರು-ನಾಲ್ಕು ಮೀಟರ್ ದೂರ ತುಸು ಮೇಲೇರಿ ಮತ್ತೆ ಇಳಿಯಬೇಕು. ಆ ತಗ್ಗಿನಲ್ಲಿ ನೀರಿಗೆ ಹೊರಹೋಗದೆ ಬೇರೆ ದಾರಿಯಿಲ್ಲ. ಸವಾರನಿಗೂ ಅಲ್ಲೇ ಖುಷಿ ಹೆಚ್ಚು.

ಹಳ್ಳ ದಾಟಲು ಅಡಿಕೆ ಮರದ ಸಂಕ (ಕಾಲುಸೇತುವೆ) ನಮ್ಮವರಿಗೆ ಹೊಸತಲ್ಲ. ಆದರೆ ಸೈಕಲ್ಲಿಗೆ ದಬ್ಬೆಗಳನ್ನು (ಸೀಳಿದ ಅಡಿಕೆ ಮರದ ಪಟ್ಟಿ) ಅಡ್ಡಲಾಗಿ ಹೊಡೆಯಬೇಕು; ಉದ್ದಕ್ಕೆ ಹಾಕಿದರೆ ಸಂದಿಗೆ ಚಕ್ರ ಸಿಕ್ಕಿ ಬೀಳುತ್ತಾರೆ. ಮೇಲೆ ಕೋಳಿಗೂಡಿನ ತಂತಿಬಲೆ ಬಿಗಿದರೆ ಪಾಚಿಯಲ್ಲೂ ಹಿಡಿತ ಸಿಗುತ್ತದೆ. ತುದಿಗಳು ಮಣ್ಣಿಗೆ ತಾಗದಂತೆ ಕಲ್ಲಿನ ಮೇಲಿಡಿ. ಮರವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಮೆತ್ತಗಾಗಿದ್ದರೆ ಬದಲಿಸಿ.

ಹಳೆಯ ಕೊರಕಲನ್ನು ಹಾಗೇ ಬಿಟ್ಟರೆ ಜನ ಅದರಲ್ಲೇ ಇಳಿಯುತ್ತಾರೆ, ಅದೂ ಆಳವಾಗುತ್ತದೆ. ಅಡ್ಡಲಾಗಿ ಸಣ್ಣ ಕಲ್ಲಿನ ಒಡ್ಡುಗಳನ್ನು ಕಟ್ಟಿ, ನಡುವೆ ಒಣಗಿದ ಟೊಂಗೆ ತುಂಬಿ, ಬಾಯಿಯನ್ನು ಕಾಣದಂತೆ ಮುಚ್ಚಿ.

ಈ ಕೆಲಸಕ್ಕೆ ಅಕ್ಟೋಬರ್-ನವೆಂಬರ್ ಹದ. ಆಗ ಮಣ್ಣಿನಲ್ಲಿ ಪಸೆ ಇರುತ್ತದೆ, ಬಡಿದರೆ ಕೂರುತ್ತದೆ. ಮಾರ್ಚಿನಲ್ಲಿ ಪಿಕಾಸಿ ಪುಟಿಯುತ್ತದೆ, ಕಿತ್ತ ಮಣ್ಣು ಧೂಳಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಹಾದಿ ಮುಚ್ಚಿರಲಿ.

ಅನುಮತಿಯ ವಿಷಯದಲ್ಲಿ ಸಲಿಗೆ ಬೇಡ. ಬೆಟ್ಟದಲ್ಲಿ ತೋಟಿಗರಿಗೆ ಸೊಪ್ಪು, ದರಕಿನ ಹಕ್ಕಿದೆ; ನೆಲ ಅರಣ್ಯದ್ದು. ನಕ್ಷೆ ಸಮೇತ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಟ್ಟು, ಲಿಖಿತ ಒಪ್ಪಿಗೆ ಬಂದ ಮೇಲಷ್ಟೇ ಗುದ್ದಲಿ ಎತ್ತಿ. ಅದಕ್ಕೂ ಮೊದಲು ಬೆಟ್ಟದ ಹಕ್ಕುದಾರರನ್ನೂ ಗ್ರಾಮ ಅರಣ್ಯ ಸಮಿತಿಯನ್ನೂ ಕೇಳಿ. ದರಕು ಹೊರುವವರು ತಲೆಯ ಮೇಲೆ ಹೊರೆ ಹೊತ್ತು ಇದೇ ಬೆಟ್ಟದಲ್ಲಿ ಓಡಾಡುತ್ತಾರೆ. ಅವರ ಕಾಲುದಾರಿಯನ್ನು ನಿಮ್ಮ ಹಾದಿ ದಾಟುವಲ್ಲಿ ಸೈಕಲ್ ತಾನಾಗಿ ನಿಧಾನವಾಗುವಂತೆ ಏರು ಕೊಡಿ.

ಇನ್ನು ದುಡ್ಡು. ಮೊದಲು 20 ಮೀಟರ್ ಮಾಡಿ, ಹಿಡಿದ ಆಳುದಿನ ಎಣಿಸಿ, ಅದರಿಂದ ಇಡೀ ಹಾದಿಯ ಅಂದಾಜು ತೆಗೆಯಿರಿ. ಆ ಮೊತ್ತಕ್ಕೆ ಮೂರು ವರ್ಷದ ದುರಸ್ತಿಯನ್ನೂ ಸೇರಿಸಿ: ಪ್ರತಿ ಮೇ ತಿಂಗಳಲ್ಲಿ ಅಂಚಿನ ಒಡ್ಡು ಕೆರೆದು ತಗ್ಗುಗಳ ಬಾಯಿ ಬಿಡಿಸುವ ಕೂಲಿ, ಸಂಕದ ದಬ್ಬೆ, ಮೊಳೆ. ಹೊಸ ಹಾದಿಗೆ ಹಣ ಕೊಡುವವರು ಸಿಗುತ್ತಾರೆ, ಮೇ ತಿಂಗಳ ಗುದ್ದಲಿಗೆ ಯಾರೂ ಸಿಗುವುದಿಲ್ಲ. ಹಾಗಾಗಿ ಬೇಡಿಕೆಯಲ್ಲೇ ಎರಡನ್ನೂ ಒಟ್ಟಿಗೆ ಇಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಏಳು ಜನ ಸಾಕು. ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ನೇರ ಪಡೆಯಲು ಆದಾಯ ತೆರಿಗೆಯ ನೋಂದಣಿಗಳು (1961ರ ಕಾಯ್ದೆಯಲ್ಲಿ 12ಎ, 80ಜಿ), ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್ಆರ್-1 ನೋಂದಣಿ ಜೊತೆಗೆ ಮೂರು ವರ್ಷದ ಕೆಲಸದ ದಾಖಲೆಯೂ ಬೇಕು. ಅಲ್ಲಿಯ ತನಕ ಸದಸ್ಯರ ವಾರ್ಷಿಕ ಚಂದಾ ಮತ್ತು ಸವಾರರು ಬಂದು ಉಳಿಯುವ ಹೋಂಸ್ಟೇಗಳ ವಂತಿಗೆಯೇ ನಂಬಿಕೆಯ ಮೂಲ.

ರೇಸ್ ಖಂಡಿತ ಮಾಡಿ, ಆದರೆ ಹೊಸ ಮಣ್ಣಿನ ಮೇಲಲ್ಲ. ಹಾದಿಗೆ ಒಂದು ಪೂರ್ತಿ ಮಳೆಗಾಲ ಕೊಡಿ, ಅಕ್ಟೋಬರಿನಲ್ಲಿ ನಡೆದು ಕುಸಿದಲ್ಲಿ ತಿದ್ದಿ, ಆಮೇಲೆ ಜನವರಿಯ ತಾರೀಖು ಗೊತ್ತುಮಾಡಿ. ಬಂದ ಪ್ರವೇಶ ಶುಲ್ಕದಲ್ಲಿ ಅರ್ಧವನ್ನು ಆ ದಿನವೇ ಮೇ ತಿಂಗಳ ಖಾತೆಗೆ ಹಾಕಿಬಿಡಿ.