ಕೋಲಾರದಲ್ಲಿ ಲೇಔಟ್ ಸೈಟು ಮಾರಿಸುವ ಏಜೆಂಟ್ ಆಗಲು ಲೈಸೆನ್ಸ್ ಬೇಕೇ? ಪರೀಕ್ಷೆ ಇದೆಯೇ?

ಮಾಲೂರು, ನರಸಾಪುರದ ಕಡೆ ಲೇಔಟುಗಳಲ್ಲಿ ಸೈಟು ಮಾರಿಸುವ ಕೆಲಸಕ್ಕೆ ಇಳಿಯಬೇಕು, ಲೈಸೆನ್ಸಿಗೆ ಪರೀಕ್ಷೆ ಬರೆಯಬೇಕಾ, ಖರ್ಚೆಷ್ಟು ಅಂತ ಕೇಳಿದ್ದೀರಿ.

ಪರೀಕ್ಷೆ ಇಲ್ಲ. ಮಹಾರಾಷ್ಟ್ರದಲ್ಲಿ ಏಜೆಂಟರಿಗೆ ತರಬೇತಿ, ಪರೀಕ್ಷೆ ಕಡ್ಡಾಯ ಮಾಡಿದ್ದಾರೆ. ಅದನ್ನೇ ತೋರಿಸಿ "ಕೋರ್ಸ್ ಮಾಡಿದರೆ ಮಾತ್ರ ಲೈಸೆನ್ಸ್" ಎನ್ನುವವರಿಗೆ ಇಲ್ಲಿ ದುಡ್ಡು ಕೊಡಬೇಡಿ. ನಮ್ಮಲ್ಲಿ ಬೇಕಿರುವುದು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, 2016ರ ರೇರಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ. ಒಬ್ಬರ ಹೆಸರಿನಲ್ಲಾದರೆ ಶುಲ್ಕ 25,000 ರೂಪಾಯಿ. ಪಾಲುದಾರಿಕೆ ಸಂಸ್ಥೆ, ಕಂಪನಿ ಆದರೆ 2 ಲಕ್ಷ. ಅವಧಿ 5 ವರ್ಷ, ಮುಗಿಯುವ 3 ತಿಂಗಳು ಮೊದಲೇ ನವೀಕರಣಕ್ಕೆ ಹಾಕಬೇಕು.

ಅರ್ಜಿ ಪೂರ್ತಿ ಆನ್‌ಲೈನ್, ಕರ್ನಾಟಕ ರೇರಾ ಜಾಲತಾಣದಲ್ಲಿ. ಪ್ಯಾನ್, ಆಧಾರ್, ಫೋಟೊ, ಆಫೀಸಿನ ವಿಳಾಸಕ್ಕೆ ದಾಖಲೆ (ಬಾಡಿಗೆ ಅಂಗಡಿಯಾದರೆ ಕರಾರು ಪತ್ರ), ಹಿಂದಿನ 3 ವರ್ಷದ ಐಟಿ ರಿಟರ್ನ್ಸ್ ಬೇಕು. ರಿಟರ್ನ್ಸ್ ಹಾಕುವಷ್ಟು ಆದಾಯ ಇರಲಿಲ್ಲ ಅಂದರೆ ಹಾಗೆಂದು ಘೋಷಣೆ ಕೊಡಬೇಕು. ನಿಮ್ಮ ಮೇಲೆ ಕ್ರಿಮಿನಲ್ ಕೇಸಿದ್ದರೆ ಮುಚ್ಚಿಡಬೇಡಿ, ಸುಳ್ಳು ಮಾಹಿತಿ ಕೊಟ್ಟು ಪಡೆದ ನೋಂದಣಿ ಮುಂದೆ ರದ್ದಾಗಬಹುದು. ಅರ್ಜಿ ಸಿಕ್ಕಿಕೊಳ್ಳುವುದು ಸಣ್ಣ ವಿಷಯಗಳಲ್ಲಿ. ಆಧಾರಿನಲ್ಲಿ ಇನಿಷಿಯಲ್ ಮಾತ್ರ ಇದ್ದು, ಪ್ಯಾನಿನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿದ್ದರೆ ಮೊದಲು ಎರಡನ್ನೂ ಒಂದೇ ಥರ ಮಾಡಿಸಿ. ಸೈಬರ್ ಸೆಂಟರಿನಲ್ಲಿ ಹಾಕಿಸಿದರೆ ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಇರಲಿ. ಇಲ್ಲವಾದರೆ ಪ್ರಾಧಿಕಾರ ಕೇಳಿದ ವಿವರಣೆ ಅಂಗಡಿಯವನ ಇಮೇಲಿಗೆ ಹೋಗಿ ಅಲ್ಲೇ ಕೂತಿರುತ್ತದೆ.

ಇಷ್ಟು ಸುಲಭದ ಭಾಗ. ಹೊಸಬರು ಕೆಡುವುದು ಇದರ ನಂತರ. ನಿಮಗೆ ನೋಂದಣಿ ಇದೆ ಅಂದಮಾತ್ರಕ್ಕೆ ಯಾವ ಲೇಔಟಾದರೂ ಮಾರಬಹುದು ಅಂತಲ್ಲ. ಜಾಗ 500 ಚದರ ಮೀಟರಿಗಿಂತ ಹೆಚ್ಚಿದ್ದರೆ, ಅಂದರೆ ಸುಮಾರು 5 ಗುಂಟೆ ದಾಟಿದರೆ, ಆ ಲೇಔಟಿಗೇ ಪ್ರತ್ಯೇಕ ರೇರಾ ನೋಂದಣಿ ಬೇಕು. ಅದಿಲ್ಲದ ಲೇಔಟಿನ ಸೈಟು ಮಾರಿಸಿದರೆ ಏಜೆಂಟಿಗೆ ದಿನಕ್ಕೆ 10,000 ರೂಪಾಯಿಯಂತೆ ದಂಡ, ಸೈಟಿನ ಬೆಲೆಯ ಶೇ. 5ರವರೆಗೂ ಏರಬಹುದು. ಲೆಕ್ಕ ಹಾಕಿ ನೋಡಿ: 30x40 ಸೈಟು, ಚದರ ಅಡಿಗೆ 1,500ರಂತೆ 18 ಲಕ್ಷ. ಎರಡು ಪರ್ಸೆಂಟ್ ಕಮಿಷನ್ 36,000. ದಂಡ 90,000ದವರೆಗೆ.

ಹಾಗಾಗಿ ಬ್ರೋಷರ್ ಕೈಗೆ ಬಂದ ತಕ್ಷಣ ನಂಬರ್ ಓದುವುದು ಕಲಿಯಿರಿ. 'ಪಿಆರ್‌ಎಂ/ಕೆಎ/ರೇರಾ' ಎಂದು ಶುರುವಾಗುವ ಉದ್ದದ ಸಂಖ್ಯೆಯ ನಡುವೆ 'ಪಿಆರ್' ಇದ್ದರೆ ಅದು ಪ್ರಾಜೆಕ್ಟಿನದು, 'ಎಜಿ' ಇದ್ದರೆ ಯಾರೋ ಏಜೆಂಟಿನದು. 'ಎಸಿಕೆ' ಎಂದು ಶುರುವಾದರೆ ಅರ್ಜಿ ಹಾಕಿದ್ದಕ್ಕೆ ಸಿಕ್ಕ ಸ್ವೀಕೃತಿ ಅಷ್ಟೇ, ಅದನ್ನು ತೋರಿಸಿ ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ಸಂಖ್ಯೆಯನ್ನು ಜಾಲತಾಣದಲ್ಲಿ ಹಾಕಿ, ಸರ್ವೆ ನಂಬರ್ ಹೊಂದುತ್ತದೆಯಾ ನೋಡಿ. ಫಾರಂ 11ಬಿ ಇದೆ, ಪಂಚಾಯ್ತಿ ಕಂದಾಯ ಕಟ್ಟಿದ್ದೇವೆ ಎನ್ನುತ್ತಾರೆ. ಅದು ತೆರಿಗೆಯ ಲೆಕ್ಕ, ಬಡಾವಣೆಗೆ ಕೊಟ್ಟ ಅನುಮೋದನೆಯಲ್ಲ. ಸರ್ಕಾರದ ಮಂಜೂರಾತಿ ಜಮೀನಾದರೆ ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಮಾರಾಟಕ್ಕೆ ತಡೆ ಹಾಕುವ ಕಾನೂನು) ಅಡ್ಡ ಬರುತ್ತದಾ ಅಂತ ಹಳೆಯ ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ) ತೆಗೆಸಿ ನೋಡಿ, ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಕೊಳ್ಳುವವರು ಹೆಚ್ಚಾಗಿ ಜೀವನದ ಉಳಿತಾಯ ತಂದಿರುತ್ತಾರೆ.

ಹಳೆ ಮನೆಯ ಮರುಮಾರಾಟ, ಹೊಲ ಗದ್ದೆ ವ್ಯವಹಾರಕ್ಕೆ ಈ ನೋಂದಣಿ ಬೇಕಿಲ್ಲ.

ಮುಂಗಡವನ್ನು 20,000 ಅಥವಾ ಅದಕ್ಕಿಂತ ಹೆಚ್ಚು ನಗದಿನಲ್ಲಿ ಕೊಡಿಸಬೇಡಿ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯಲು ಲೇಔಟಿನವರಿಗೂ ಅವಕಾಶವಿಲ್ಲ. ಕಮಿಷನ್ ಬ್ಯಾಂಕಿಗೇ ಹಾಕಿಸಿಕೊಳ್ಳಿ. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕು.

ಮಾಲೂರಿನಿಂದ ಹೊಸೂರು ಹತ್ತಿರ, ಕೆಜಿಎಫ್‌ನಿಂದ ಕುಪ್ಪಂ ಹತ್ತಿರ ಅಂತ ಅಲ್ಲಿಯ ಲೇಔಟುಗಳಿಗೂ ಗಿರಾಕಿ ಕರೆದೊಯ್ಯುವ ಯೋಚನೆ ಇದ್ದರೆ, ಕರ್ನಾಟಕದ ನೋಂದಣಿ ಗಡಿ ದಾಟುವುದಿಲ್ಲ. ಹೊಸೂರಿಗೆ ತಮಿಳುನಾಡಿನದು, ಕುಪ್ಪಂಗೆ ಆಂಧ್ರದ್ದು ಬೇರೆಯಾಗಿ ಮಾಡಿಸಬೇಕು.