ಟಿಕೆಟ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಉದ್ದದ ಹೆಸರು: ವಿಮಾನ ಹತ್ತಿಸುತ್ತಾರೆಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ‘ಹೊಸಹಳ್ಳಿ ನಾಗರಾಜಪ್ಪ’, ಗಿವನ್ ನೇಮ್ ಜಾಗದಲ್ಲಿ ‘ಮಂಜುನಾಥ’ ಎಂದಿದೆ. ಸಿಂಗಪುರಕ್ಕೆ ಟಿಕೆಟ್ ಮಾಡಿಸುವಾಗ ಮಗ ‘ಎಚ್.ಎನ್. ಮಂಜುನಾಥ್’ ಎಂದು ಹಾಕಿದ್ದಾನೆ. ಬ್ಯಾಂಕು, ಆಫೀಸು ಎಲ್ಲ ಕಡೆ ನನ್ನ ಹೆಸರು ಇರುವುದೇ ಹಾಗೆ. ತೊಂದರೆ ಆದೀತೇ? (ದಾವಣಗೆರೆಯ ಓದುಗರು)

ಉತ್ತರ: ಆದೀತು. ಪ್ರಯಾಣದ ದಿನದವರೆಗೆ ಕಾಯದೆ ಈಗಲೇ ಸರಿಪಡಿಸಿಕೊಳ್ಳಿ. ನಿಮ್ಮ ಟಿಕೆಟ್‌ನಲ್ಲಿ ಎರಡು ತಪ್ಪು ಸೇರಿಕೊಂಡಿವೆ. ಊರು ಮತ್ತು ತಂದೆಯ ಹೆಸರು ಇನಿಷಿಯಲ್ ಆಗಿವೆ, ಅದು ಒಂದು. ‘ಮಂಜುನಾಥ’ ಹೋಗಿ ‘ಮಂಜುನಾಥ್’ ಆಗಿದೆ, ಅದು ಇನ್ನೊಂದು. ಕನ್ನಡದಲ್ಲಿ ಓದುವಾಗ ಎರಡೂ ಒಂದೇ ಎನಿಸುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ‘ಎ’ ಬಿಟ್ಟುಹೋಗಿದೆ, ಯಂತ್ರ ನೋಡುವುದು ಅದನ್ನೇ.

ಪಾಸ್‌ಪೋರ್ಟ್‌ನ ಫೋಟೊ ಇರುವ ಪುಟದ ಕೆಳತುದಿ ನೋಡಿ. ಬಾಣದ ತಲೆಯಂಥ ಗುರುತುಗಳಿಂದ ತುಂಬಿದ ಎರಡು ಸಾಲುಗಳಿವೆ. ಪ್ರತಿ ಸಾಲಿನಲ್ಲೂ 44 ಸ್ಥಾನ. ಮೊದಲ ಸಾಲು ‘ಪಿ’ ಅಕ್ಷರದಿಂದ ಶುರುವಾಗಿ, ದೇಶದ ಸಂಕೇತ ‘ಐಎನ್‌ಡಿ’ ಆದಮೇಲೆ ಸರ್‌ನೇಮ್, ಅದರ ನಂತರ ಎರಡು ಬಾಣದ ಗುರುತು, ಆಮೇಲೆ ಗಿವನ್ ನೇಮ್. ಕೌಂಟರ್‌ನಲ್ಲಿ ಸ್ಕ್ಯಾನ್ ಆಗುವುದು ಈ ಸಾಲುಗಳೇ. ಅನೇಕ ದೇಶಗಳ ಸರ್ಕಾರಕ್ಕೆ ವಿಮಾನ ಕಂಪನಿ ಮುಂಚಿತವಾಗಿ ಕಳಿಸುವ ಪ್ರಯಾಣಿಕರ ವಿವರವೂ ಇದೇ. ದಾಖಲೆ ಸರಿಯಿಲ್ಲದವರನ್ನು ಕರೆದೊಯ್ದರೆ ಕಂಪನಿಗೆ ದಂಡ ಬೀಳಬಹುದು, ವಾಪಸ್ ಕರೆತರುವ ಹೊಣೆಯೂ ಅದರದೇ. ಕೌಂಟರ್ ಸಿಬ್ಬಂದಿ ಒಂದು ಅಕ್ಷರಕ್ಕೂ ಪಟ್ಟು ಹಿಡಿಯುವುದು ಈ ಕಾರಣಕ್ಕೆ.

ಟಿಕೆಟ್‌ನಲ್ಲಿ ಹೆಸರಿಗೆ ಇರುವುದು ಎರಡೇ ಖಾನೆ. ಮೊದಲು ಸರ್‌ನೇಮ್, ಓರೆಗೆರೆ, ಆಮೇಲೆ ಗಿವನ್ ನೇಮ್. ನಿಮ್ಮ ಹೆಸರು ‘ಹೊಸಹಳ್ಳಿನಾಗರಾಜಪ್ಪ / ಮಂಜುನಾಥಮಿಸ್ಟರ್’ ಎಂಬಂತೆ ಒಟ್ಟಾಗಿ ಅಂಟಿಕೊಂಡು ಬರುತ್ತದೆ. ಪದಗಳ ನಡುವಿನ ಜಾಗ ಮಾಯವಾಗಿದ್ದರೆ, ಹೆಸರಿನ ಬಾಲಕ್ಕೆ ‘ಎಂಆರ್’ ಅಂಟಿದ್ದರೆ ಗಾಬರಿ ಬೇಡ. ಅದು ಕಂಪನಿಗಳ ವ್ಯವಸ್ಥೆ ಹೆಸರು ಬರೆಯುವ ರೀತಿ. ಅಕ್ಷರ ಹೆಚ್ಚುಕಡಿಮೆ ಆಗಿದ್ದರೆ, ಪೂರ್ತಿ ಪದವೇ ಇಲ್ಲದಿದ್ದರೆ, ಇನಿಷಿಯಲ್ ಬಂದಿದ್ದರೆ ಮಾತ್ರ ತಲೆಕೆಡಿಸಿಕೊಳ್ಳಿ. ಸರ್‌ನೇಮ್ ಮತ್ತು ಗಿವನ್ ನೇಮ್ ಅದಲುಬದಲಾದ ಟಿಕೆಟನ್ನು ಕೆಲವು ಕಂಪನಿಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಅದನ್ನೂ ಫೋನ್ ಮಾಡಿ ಸರಿಮಾಡಿಸಿಕೊಳ್ಳುವುದೇ ಲೇಸು.

ನಮ್ಮ ಕಡೆಯವರಿಗೆ ಇದು ಪದೇ ಪದೇ ಎದುರಾಗುವ ಫಜೀತಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದ ಊರಿನ ಹೆಸರು, ಅಪ್ಪನ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತವೆ. ಸಿಂಗಪುರದ ಹೋಟೆಲಿನವರು ನಿಮ್ಮನ್ನು ‘ಮಿಸ್ಟರ್ ಹೊಸಹಳ್ಳಿ’ ಎಂದು ಕರೆದರೆ ಅಚ್ಚರಿಪಡಬೇಡಿ. ಊರಲ್ಲಿ ಏನೇ ಕರೆಯಲಿ, ಟಿಕೆಟ್ ಮಟ್ಟಿಗೆ ನಿಮ್ಮ ಸರ್‌ನೇಮ್ ಅದೇ. ವಿಮಾನ ಕಂಪನಿಯ ಆ್ಯಪ್‌ನಲ್ಲಿ ಹಿಂದೆ ಉಳಿಸಿಟ್ಟ ಹೆಸರು ತಾನಾಗಿ ತುಂಬಿಕೊಳ್ಳುತ್ತದೆ, ಅದರಲ್ಲಿ ಇನಿಷಿಯಲ್ ಇದ್ದರೆ ಪ್ರತಿ ಸಲವೂ ಇದೇ ತಪ್ಪು ಮರುಕಳಿಸುತ್ತದೆ. ಮಗನಿಗೆ ಹೇಳಿ, ಮೊದಲು ಆ ಪ್ರೊಫೈಲ್ ತಿದ್ದಲಿ.

ಪ್ರಶ್ನೆ: ಸರಿ, ತಪ್ಪಾಗಿದೆ. ಈಗ ತಿದ್ದಿಸುವುದು ಹೇಗೆ? ಏಜೆಂಟರು ಟಿಕೆಟ್ ರದ್ದು ಮಾಡಿ ಹೊಸದು ಮಾಡಿಸಬೇಕು ಅನ್ನುತ್ತಿದ್ದಾರೆ. (ಶಿವಮೊಗ್ಗದ ಓದುಗರು)

ಉತ್ತರ: ಅಕ್ಷರ ತಿದ್ದುವುದು ಒಂದು, ಟಿಕೆಟನ್ನು ಬೇರೆಯವರ ಹೆಸರಿಗೆ ಮಾಡುವುದು ಇನ್ನೊಂದು. ಅಣ್ಣನ ಟಿಕೆಟ್ ತಮ್ಮನಿಗೆ ವರ್ಗಾಯಿಸಲು ಬರುವುದಿಲ್ಲ. ಅದೇ ವ್ಯಕ್ತಿಯ ಹೆಸರಿನ ಕಾಗುಣಿತ ತಿದ್ದಲು ಬರುತ್ತದೆ.

ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮ ಹೀಗಿದೆ: ಟಿಕೆಟನ್ನು ನೇರವಾಗಿ ಕಂಪನಿಯ ವೆಬ್‌ಸೈಟಿನಲ್ಲಿ ಮಾಡಿಸಿ, 24 ಗಂಟೆಯೊಳಗೆ ತಪ್ಪು ತೋರಿಸಿದರೆ, ಅದೇ ವ್ಯಕ್ತಿಯ ಹೆಸರು ತಿದ್ದಲು ಕಂಪನಿ ಹೆಚ್ಚುವರಿ ಹಣ ಕೇಳುವಂತಿಲ್ಲ. ಆದ್ದರಿಂದ ಟಿಕೆಟ್ ಮೇಲ್ ಬಂದ ರಾತ್ರಿಯೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಬಾಯಲ್ಲಿ ಓದಿದರೆ ತಪ್ಪು ಕಣ್ತಪ್ಪುತ್ತದೆ, ಬೆರಳಿಟ್ಟು ನೋಡಿ. 24 ಗಂಟೆ ದಾಟಿದರೂ ಮೂರು ಅಕ್ಷರದವರೆಗಿನ ತಪ್ಪನ್ನು ಅನೇಕ ಕಂಪನಿಗಳು ತಿದ್ದಿಕೊಡುತ್ತವೆ, ಶುಲ್ಕ ಕಂಪನಿಯಿಂದ ಕಂಪನಿಗೆ ಬೇರೆ.

ಏಜೆಂಟ್ ಅಥವಾ ಪ್ರವಾಸದ ಆ್ಯಪ್ ಮೂಲಕ ಮಾಡಿಸಿದ್ದರೆ ತಿದ್ದುವುದು ಅವರ ಕೈಯಲ್ಲಿ. ಕಂಪನಿಗೆ ಫೋನ್ ಮಾಡಿದರೆ ‘ನಿಮ್ಮ ಏಜೆಂಟರನ್ನು ಕೇಳಿ’ ಅನ್ನುವುದು ಅದಕ್ಕೇ. ಪಿಎನ್‌ಆರ್ (ಬುಕಿಂಗ್‌ನ ಗುರುತು ಸಂಖ್ಯೆ) ಮತ್ತು ಪಾಸ್‌ಪೋರ್ಟ್‌ನ ಫೋಟೊ ಪುಟದ ಸ್ಪಷ್ಟ ಸ್ಕ್ಯಾನ್ ಕಳಿಸಿ, ಏನು ತಪ್ಪಾಗಿದೆ, ಏನಾಗಬೇಕು ಎಂಬುದನ್ನು ಮೇಲ್‌ನಲ್ಲೇ ಬರೆಯಿರಿ. ಬರೀ ಫೋನಿನ ಭರವಸೆ ನೆಚ್ಚಬೇಡಿ. ವೆಬ್ ಚೆಕ್‌ಇನ್ ಮಾಡಿಕೊಂಡಿದ್ದರೆ ಅದನ್ನು ಮೊದಲು ರದ್ದು ಮಾಡಿಸಬೇಕಾಗಬಹುದು, ಚೆಕ್‌ಇನ್ ಆದ ಹೆಸರು ಸುಲಭಕ್ಕೆ ಬದಲಾಗದು.

ಇಲ್ಲಿ ಒಂದು ಒಳಸುಳಿ ಇದೆ, ಬಹಳ ಜನ ಎಡವುವುದೇ ಇಲ್ಲಿ. ಬುಕಿಂಗ್‌ನಲ್ಲಿ ಹೆಸರು ತಿದ್ದಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪಿಎನ್‌ಆರ್ ಬೇರೆ, ಇ-ಟಿಕೆಟ್ ಬೇರೆ. ಇ-ಟಿಕೆಟ್‌ಗೆ 13 ಅಂಕಿಯ ಸಂಖ್ಯೆ ಇರುತ್ತದೆ, ಅದರ ಮೊದಲ ಮೂರು ಅಂಕಿ ವಿಮಾನ ಕಂಪನಿಯದು. ಪಿಎನ್‌ಆರ್‌ನಲ್ಲಿ ಹೊಸ ಹೆಸರು, ಇ-ಟಿಕೆಟ್‌ನಲ್ಲಿ ಹಳೆಯ ಹೆಸರು ಉಳಿದರೆ ಕೌಂಟರ್‌ನಲ್ಲಿ ಎರಡೂ ಹೊಂದುವುದಿಲ್ಲ. ಹಾಗಾಗಿ ಸರಿಪಡಿಸಿದ ಇ-ಟಿಕೆಟ್ ಮೇಲ್‌ಗೆ ಬಂತೇ, ಅದರಲ್ಲಿ ಹೊಸ ಕಾಗುಣಿತವೇ ಇದೆಯೇ ಎಂದು ನೋಡಿಕೊಳ್ಳಿ. ಹೋಗುವಾಗ ಒಂದು ಕಂಪನಿ, ಮಧ್ಯದಲ್ಲಿ ಇಳಿದು ಇನ್ನೊಂದು ಕಂಪನಿಯ ವಿಮಾನ ಎಂದಾದರೆ ಎರಡರಲ್ಲೂ ಹೆಸರು ಬದಲಾಗಿದೆಯೇ ಎಂದು ಬೇರೆ ಬೇರೆಯಾಗಿ ಪರೀಕ್ಷಿಸಿ. ಮೊದಲನೆಯದು ಸರಿಯಾಗಿ, ಎರಡನೆಯದು ಹಾಗೇ ಉಳಿಯುವುದುಂಟು. ಇಂಥ ಜಂಟಿ ಟಿಕೆಟ್‌ಗಳಲ್ಲಿ ಕೆಲವೊಮ್ಮೆ ರದ್ದು ಮಾಡಿ ಹೊಸದು ಕೊಡುವುದೊಂದೇ ದಾರಿ. ನಿಮ್ಮದು ಅಂಥ ಟಿಕೆಟ್ ಆಗಿದ್ದರೆ ಏಜೆಂಟರ ಮಾತಿನಲ್ಲಿ ಹುರುಳಿದೆ. ಒಂದೇ ಕಂಪನಿಯ ನೇರ ವಿಮಾನವಾದರೆ, ತಿದ್ದಲಾಗದು ಎಂದು ಕಂಪನಿ ಬರೆದುಕೊಟ್ಟಿದೆಯೇ ಎಂದು ಕೇಳದೆ ಒಪ್ಪಬೇಡಿ.

ಪ್ರಶ್ನೆ: ತಾಯಿಯವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ, ಗಿವನ್ ನೇಮ್ ‘ಪಾರ್ವತಮ್ಮ’ ಅಷ್ಟೇ. ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಏನೋ ಬಂದಿದೆ. ಬಾಣಂತನಕ್ಕೆ ಹೊರಟಿದ್ದಾರೆ, ಒಬ್ಬರೇ ಹೋಗಬೇಕು. ಟಿಕೆಟ್ ಯಾವ ಹೆಸರಿಗೆ? (ಹಾಸನದ ಓದುಗರು)

ಉತ್ತರ: ಅದು ಮುದ್ರಣದೋಷವಲ್ಲ. ‘ಮೊದಲ ಹೆಸರು ಗೊತ್ತಿಲ್ಲ’ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳು. ಒಂದೇ ಹೆಸರು ಇರುವವರಿಗೆ ಅಮೆರಿಕದ ವೀಸಾದಲ್ಲಿ ಆ ಹೆಸರನ್ನು ಸರ್‌ನೇಮ್ ಮಾಡಿ, ಗಿವನ್ ನೇಮ್ ಜಾಗಕ್ಕೆ ‘ಎಫ್‌ಎನ್‌ಯು’ ಹಾಕುತ್ತಾರೆ. ಅಂದರೆ ಪಾಸ್‌ಪೋರ್ಟ್‌ನಲ್ಲಿ ಗಿವನ್ ನೇಮ್ ಆಗಿದ್ದ ಪಾರ್ವತಮ್ಮ, ವೀಸಾದಲ್ಲಿ ಸರ್‌ನೇಮ್ ಆಗಿದ್ದಾರೆ.

ವಿಮಾನದ ಟಿಕೆಟ್‌ನಲ್ಲಿ ಎರಡೂ ಖಾನೆ ತುಂಬಲೇಬೇಕು, ಖಾಲಿ ಬಿಡಲು ಬರುವುದಿಲ್ಲ. ಸರ್‌ನೇಮ್ ಖಾನೆಗೆ ‘ಪಾರ್ವತಮ್ಮ’ ಹಾಕಿ. ಗಿವನ್ ನೇಮ್ ಖಾನೆಗೆ ಕೆಲವು ಕಂಪನಿಗಳು ‘ಎಫ್‌ಎನ್‌ಯು’ ಕೇಳುತ್ತವೆ, ಕೆಲವು ಅದೇ ಹೆಸರನ್ನು ಎರಡು ಸಲ ಬರೆಯಲು ಹೇಳುತ್ತವೆ. ನೀವು ಹತ್ತುವ ಕಂಪನಿಯ ಪದ್ಧತಿ ಯಾವುದೆಂದು ಬುಕ್ ಮಾಡುವ ಮೊದಲೇ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ಪಡೆದುಕೊಂಡು ಅದರ ಪ್ರತಿಯನ್ನು ತಾಯಿಯವರ ಕೈಚೀಲದಲ್ಲಿಡಿ. ಖಾಲಿ ಜಾಗ ತುಂಬಲೆಂದು ಮಗನ ಅಡ್ಡಹೆಸರನ್ನೋ ಗಂಡನ ಹೆಸರನ್ನೋ ಸೇರಿಸುವುದು ದೊಡ್ಡ ತಪ್ಪು. ಪಾಸ್‌ಪೋರ್ಟ್‌ನ ಹೆಸರಿನ ಜಾಗದಲ್ಲಿ ಇಲ್ಲದ ಪದ ಟಿಕೆಟ್‌ಗೆ ಬಂದರೆ ಅವರು ಬೇರೆಯೇ ವ್ಯಕ್ತಿ ಎಂದು ಲೆಕ್ಕ.

ಇಂಗ್ಲಿಷ್ ಬಾರದ ತಾಯಿ ಒಬ್ಬರೇ ಹೋಗುವಾಗ ಸರಳ ಟಿಕೆಟ್ ಆರಿಸಿ. ಆದಷ್ಟೂ ಒಂದೇ ಕಂಪನಿ, ಒಂದೇ ಪಿಎನ್‌ಆರ್ ಇರಲಿ. ಹೆಸರಿನ ವಿವರಣೆಯನ್ನು ಎರಡು ಊರುಗಳ ಕೌಂಟರ್‌ಗಳಲ್ಲಿ ಎರಡು ಸಲ ಕೊಡುವ ಸಂಕಟ ಅವರಿಗೆ ಬೇಡ.

ಪ್ರಶ್ನೆ: ತಂಗಿಯದೂ ಒಂದೇ ಪದದ ಹೆಸರು. ದುಬೈಗೆ ವಿಸಿಟ್ ವೀಸಾದಲ್ಲಿ ಬರಬಹುದೇ? (ದುಬೈಯಲ್ಲಿರುವ ಭಟ್ಕಳದ ಓದುಗರು)

ಉತ್ತರ: ಈಗಿರುವ ಪಾಸ್‌ಪೋರ್ಟ್‌ನಲ್ಲಿ ಕಷ್ಟ. ಯುಎಇ 2022ರ ನವೆಂಬರ್ 21ರಿಂದ ವಿಸಿಟ್ ಮತ್ತು ಟೂರಿಸ್ಟ್ ವೀಸಾದವರಿಗೆ ಒಂದೇ ಪದದ ಹೆಸರಿನ ಪಾಸ್‌ಪೋರ್ಟ್ ಒಪ್ಪುವುದಿಲ್ಲ ಎಂದು ವಿಮಾನ ಕಂಪನಿಗಳಿಗೆ ತಿಳಿಸಿತು. ಅಲ್ಲಿ ರೆಸಿಡೆನ್ಸ್ ಅಥವಾ ಕೆಲಸದ ವೀಸಾ ಇರುವವರಿಗೆ, ಎರಡೂ ಖಾನೆಯಲ್ಲಿ ಅದೇ ಹೆಸರು ದಾಖಲಾಗಿದ್ದರೆ ಅವಕಾಶವಿದೆ. ಕೆಲವೇ ದಿನಗಳಲ್ಲಿ ಬಂದ ಸ್ಪಷ್ಟೀಕರಣದಲ್ಲಿ, ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂದರು. ಆದರೆ ಅದು ಅಲ್ಲಿ ಇಳಿದ ಮೇಲೆ ವೀಸಾ ಪಡೆಯುವ ಅರ್ಹತೆ ಇರುವವರಿಗೆ ಮಾತ್ರ.

ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಸೇರಿಸುವುದೇ ಗಟ್ಟಿ ದಾರಿ. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟ್‌ನಲ್ಲಿ ರೀಇಶ್ಯೂ ಅರ್ಜಿ ಹಾಕಿ, ಕಾರಣದಲ್ಲಿ ‘ವೈಯಕ್ತಿಕ ವಿವರ ಬದಲಾವಣೆ’ ಆರಿಸಬೇಕು. 36 ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ, ತತ್ಕಾಲ್ ಆದರೆ ಮತ್ತೆ 2,000. ಯಾವ ದಾಖಲೆ ಬೇಕು ಎಂಬುದನ್ನು ಅದೇ ಸೈಟಿನ ಡಾಕ್ಯುಮೆಂಟ್ ಅಡ್ವೈಸರ್ ಹೇಳುತ್ತದೆ. ಆಧಾರ್‌ನಲ್ಲಿ ಹಳೆಯ ಹೆಸರೇ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಹಳೆಯ ಪಾಸ್‌ಪೋರ್ಟ್‌ನಲ್ಲಿ ಬೇರೆ ದೇಶದ ಚಾಲ್ತಿ ವೀಸಾ ಇದ್ದವರು ಅವಸರಪಡದೆ, ಹೆಸರಿನ ವಿಂಗಡಣೆ ಬದಲಾದರೆ ಆ ವೀಸಾ ನಡೆಯುತ್ತದೆಯೇ ಎಂದು ಆ ದೇಶದ ದೂತಾವಾಸವನ್ನು ಕೇಳಿಕೊಂಡೇ ಮುಂದುವರಿಯಬೇಕು. ಪಾಸ್‌ಪೋರ್ಟ್, ಆಮೇಲೆ ವೀಸಾ, ಕೊನೆಗೆ ಟಿಕೆಟ್. ಅಗ್ಗದ ದರ ಕಂಡಿತೆಂದು ಈ ಕ್ರಮ ತಿರುಗಿಸಬೇಡಿ.

ಪ್ರಶ್ನೆ: ನಮ್ಮದು ಡಿಸೋಜ. ಪಾಸ್‌ಪೋರ್ಟ್‌ನಲ್ಲಿ ‘ಡಿ’ ಆದಮೇಲೆ ಜಾಗ ಬಿಟ್ಟಿದೆ, ಟಿಕೆಟ್‌ನಲ್ಲಿ ಕೂಡಿಸಿ ಬಂದಿದೆ. (ಮಂಗಳೂರಿನ ಓದುಗರು)

ಉತ್ತರ: ಏನೂ ಆಗುವುದಿಲ್ಲ. ಟಿಕೆಟ್‌ನ ಹೆಸರಿನಲ್ಲಿ ಇಂಗ್ಲಿಷಿನ 26 ಅಕ್ಷರಗಳಿಗಷ್ಟೇ ಜಾಗ. ಮೇಲಿನ ಕೊಂಬು, ಚುಕ್ಕೆ, ಅಡ್ಡಗೆರೆ ಎಲ್ಲ ಉದುರಿಹೋಗುತ್ತವೆ. ಡಿಸಿಲ್ವ, ಡಿಕುನ್ಹ ಮನೆತನದವರಿಗೂ ಇದೇ ಉತ್ತರ. ಅಕ್ಷರಗಳ ಸಾಲು ಒಂದೇ ಇದ್ದರೆ ಸಾಕು.

ಪ್ರಶ್ನೆ: ಬೋರ್ಡಿಂಗ್ ಪಾಸ್‌ನಲ್ಲಿ ನನ್ನ ಹೆಸರು ಅರ್ಧಕ್ಕೇ ನಿಂತಿದೆ. ಮರಳುವಾಗ ತಡೆಯುತ್ತಾರೆಯೇ? (ಧಾರವಾಡದ ಓದುಗರು)

ಉತ್ತರ: ಇಲ್ಲ. ಬೋರ್ಡಿಂಗ್ ಪಾಸ್‌ನ ಬಾರ್‌ಕೋಡ್‌ನಲ್ಲಿ ಹೆಸರಿಗೆ ಮೀಸಲು 20 ಸ್ಥಾನ. ಮೊದಲ ಪ್ರಶ್ನೆಯ ಹೊಸಹಳ್ಳಿ ನಾಗರಾಜಪ್ಪ ಅವರನ್ನೇ ನೋಡಿ: ಇಂಗ್ಲಿಷಿನಲ್ಲಿ ಹೊಸಹಳ್ಳಿಗೆ 9, ನಾಗರಾಜಪ್ಪಕ್ಕೆ 11 ಅಕ್ಷರ. ಸರ್‌ನೇಮ್ ಒಂದೇ ಇಪ್ಪತ್ತನ್ನೂ ನುಂಗಿತು, ಮಂಜುನಾಥನಿಗೆ ಜಾಗವೇ ಉಳಿಯಲಿಲ್ಲ. ಇ-ಟಿಕೆಟ್‌ನಲ್ಲಿ ಪೂರ್ತಿ ಹೆಸರಿದ್ದರೆ ಇದು ಲೆಕ್ಕಕ್ಕಿಲ್ಲ. ಇ-ಟಿಕೆಟ್‌ನ ಮುದ್ರಿತ ಪ್ರತಿ ಜೊತೆಗಿರಲಿ.

ಪ್ರಶ್ನೆ: ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿದೆ, ಪಾಸ್‌ಪೋರ್ಟ್ ಹಳೆಯದೇ. ಬೆಂಗಳೂರಿನಿಂದ ದಿಲ್ಲಿಗೆ, ಅಲ್ಲಿಂದ ಲಂಡನ್‌ಗೆ ಹೋಗುವುದಿದೆ. (ತುಮಕೂರಿನ ಓದುಗರು)

ಉತ್ತರ: ಟಿಕೆಟ್, ವೀಸಾ ಎರಡೂ ಪಾಸ್‌ಪೋರ್ಟ್‌ನ ಹೆಸರಿಗೇ ಇರಲಿ. ಟಿಕೆಟ್‌ನಲ್ಲಿ ಹೊಸ ಹೆಸರು ಹಾಕಿ ಮದುವೆಯ ಸರ್ಟಿಫಿಕೇಟ್ ತೋರಿಸಿದರಾಯಿತು ಎಂದು ನಂಬಿ ಹೊರಡಬೇಡಿ. ಬೆಂಗಳೂರಿನಲ್ಲೂ ಗೇಟಿನ ಸಿಐಎಸ್‌ಎಫ್ ಸಿಬ್ಬಂದಿಗೆ ಆಧಾರ್ ಕೊಡದೆ ಪಾಸ್‌ಪೋರ್ಟನ್ನೇ ತೋರಿಸಿ, ಆಗ ಟಿಕೆಟ್‌ಗೂ ಗುರುತಿಗೂ ತಾಳೆಯಾಗುತ್ತದೆ. ಮುಖ ಗುರುತಿಸಿ ಒಳಬಿಡುವ ಡಿಜಿ ಯಾತ್ರಾ ವ್ಯವಸ್ಥೆ ಆಧಾರ್‌ನ ಹೆಸರನ್ನು ಬೋರ್ಡಿಂಗ್ ಪಾಸ್‌ಗೆ ಹೋಲಿಸುವುದರಿಂದ ನಿಮ್ಮ ವಿಷಯದಲ್ಲಿ ಅದು ಕೈಕೊಡುತ್ತದೆ, ಮಾಮೂಲಿ ಸಾಲಿನಲ್ಲೇ ಹೋಗಿ.

ಪ್ರಶ್ನೆ: ಟಿಕೆಟ್ ಆದಮೇಲೆ ಪಾಸ್‌ಪೋರ್ಟ್ ನವೀಕರಿಸಿದೆ, ಸಂಖ್ಯೆ ಬದಲಾಗಿದೆ. (ಬೆಳಗಾವಿಯ ಓದುಗರು)

ಉತ್ತರ: ಹೆಸರು ಅದೇ ಇದ್ದರೆ ಟಿಕೆಟ್ ಮುಟ್ಟಬೇಕಿಲ್ಲ. ಕಂಪನಿಯ ಸೈಟಿನಲ್ಲಿ ಬುಕಿಂಗ್ ತೆರೆದು ಹೊಸ ಸಂಖ್ಯೆ ಮತ್ತು ಮುಕ್ತಾಯದ ದಿನಾಂಕ ತುಂಬಿ. ವೀಸಾ ಹಳೆಯ ಪುಸ್ತಕದಲ್ಲಿದ್ದರೆ ಎರಡನ್ನೂ ಒಯ್ಯಿರಿ. ಇ-ವೀಸಾ ಹಳೆಯ ಸಂಖ್ಯೆಗೆ ಆಗಿದ್ದರೆ ಮಾತ್ರ ಆ ದೇಶದ ವೀಸಾ ಸೈಟಿನಲ್ಲಿ ಏನು ಮಾಡಬೇಕೆಂದು ಹೊರಡುವ ಮುನ್ನವೇ ತಿಳಿದುಕೊಳ್ಳಿ. ಅನೇಕ ದೇಶಗಳ ಇ-ವೀಸಾ ಆ ಒಂದು ಪಾಸ್‌ಪೋರ್ಟ್ ಸಂಖ್ಯೆಗೇ ಅಂಟಿಕೊಂಡಿರುತ್ತದೆ.