ಶಿಯರ್ ಪಿನ್ ಪದೇ ಪದೇ ಮುರಿದರೆ ಗಟ್ಟಿ ಬೋಲ್ಟ್ ಹಾಕಬಹುದಾ?

ಬೇಡ. ಆ ಬೋಲ್ಟ್ ತಂದಿಟ್ಟಿದ್ದರೆ ಇವತ್ತೇ ಅಂಗಡಿಗೆ ವಾಪಸ್ ಕೊಟ್ಟುಬನ್ನಿ.

ಅಮೆರಿಕದ ಬಫಲೋ ಊರಿನ ದಕ್ಷಿಣಕ್ಕೆ ಹೊಸದಾಗಿ ಬಂದಿದ್ದೀರಿ, ಮನೆ ಜೊತೆ ಒಂದು ಹಳೆಯ ಟೂ ಸ್ಟೇಜ್ ಸ್ನೋ ಬ್ಲೋವರ್ ಸಿಕ್ಕಿದೆ, ಅಂದರೆ ಸ್ನೋವನ್ನು ಸುರುಳಿಯಿಂದ ಎಳೆದು ಫ್ಯಾನಿನಿಂದ ದೂರ ಎಸೆಯುವ ಯಂತ್ರ. ಆ ಸುರುಳಿಯನ್ನು ಶಾಫ್ಟ್‌ಗೆ ಹಿಡಿದಿಡುವ ಶಿಯರ್ ಪಿನ್ ಮುರಿಯುತ್ತಲೇ ಇದೆ. ಗಟ್ಟಿ ಬೋಲ್ಟ್ ಹಾಕಲಾ, ಇಲ್ಲಾ ಜಾಸ್ತಿ ಪವರ್ ಇರೋ ಹೊಸ ಯಂತ್ರ ತಗೊಳ್ಳಲಾ ಅಂತ ಕೇಳಿದ್ದೀರಿ. ಇದೇ ಊರು, ಇದೇ ಥರದ ಯಂತ್ರ, ಇದೇ ಪಿನ್. ನಾನು ಗಟ್ಟಿ ಬೋಲ್ಟ್ ಹಾಕಿದವನು. ಆಮೇಲೆ ಏನಾಯ್ತು ಅಂತ ಪೂರ್ತಿ ಹೇಳುತ್ತೇನೆ.

ನಾವು ಆರ್ಚರ್ಡ್ ಪಾರ್ಕ್‌ನಲ್ಲಿ ಮನೆ ತಗೊಂಡಾಗ ಹಿಂದಿನ ಮಾಲೀಕರು ಫ್ಲೋರಿಡಾಗೆ ಹೊರಟಿದ್ದರು. ಸ್ನೋ ಬ್ಲೋವರ್ ಅನ್ನು ಗ್ಯಾರೇಜ್‌ನಲ್ಲೇ ಬಿಟ್ಟುಹೋದರು. ಮ್ಯಾನ್ಯುಯಲ್ ಇರಲಿಲ್ಲ, ನಾನೂ ಹುಡುಕಲಿಲ್ಲ. ಮೊದಲ ಚಳಿಗಾಲ ಹೇಗೋ ಓಡಿಸಿದೆ. ಫುಟ್‌ಪಾತ್ ಮತ್ತು ಡ್ರೈವ್‌ವೇ ಸೇರುವ ಜಾಗಕ್ಕೆ ಬಂದರೆ ಸಾಕು, ಟಪ್ ಅನ್ನುವ ಸದ್ದು. ಒಂದು ಕಡೆಯ ಆಗರ್, ಅಂದರೆ ಮುಂದೆ ಸ್ನೋ ಎಳೆದುಕೊಳ್ಳುವ ಸುರುಳಿ, ನಿಂತುಬಿಡುತ್ತಿತ್ತು. ಚಳಿಯಲ್ಲಿ ಮಂಡಿಯೂರಿ ಮುರಿದ ಪಿನ್ ಹೊರಗೆ ತಟ್ಟಿ, ಹೊಸದು ಹಾಕಬೇಕು. ಬೆರಳು ಮರಗಟ್ಟುತ್ತವೆ, ನಟ್ಟು ಸ್ನೋ ಒಳಗೆ ಬಿದ್ದರೆ ಸಿಗುವುದಿಲ್ಲ. ನಿಮ್ಮ ಕಷ್ಟ ನನಗೆ ಚೆನ್ನಾಗಿ ಗೊತ್ತು.

ಆಗ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅದೇ ಅಳತೆಯ ಗಟ್ಟಿ ಬೋಲ್ಟ್ ತಂದೆ. ಇಲ್ಲಿನ ಬೋಲ್ಟ್‌ಗಳ ತಲೆ ಮೇಲೆ ಗೆರೆಗಳಿರುತ್ತವೆ, ನೋಡಿರಬಹುದು. ಗೆರೆ ಇಲ್ಲದ್ದು ಮೆತ್ತಗಿನದು, ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಇದ್ದರೆ ಗ್ರೇಡ್ 8. ನಾನು ತಂದದ್ದು ಆರು ಗೆರೆಯದು. ಆ ಸೀಸನ್ ಪೂರ್ತಿ ಒಂದೂ ಮುರಿಯಲಿಲ್ಲ. ಸಮಸ್ಯೆ ಮುಗಿಯಿತು ಅಂದುಕೊಂಡೆ.

ಇಲ್ಲಿ ಸ್ವಲ್ಪ ಒಳಗಿನ ವಿಷಯ ಹೇಳಬೇಕು, ಯಾಕೆಂದರೆ ಇದು ಗೊತ್ತಿದ್ದರೆ ನಾನು ಆ ಬೋಲ್ಟ್ ಮುಟ್ಟುತ್ತಿರಲಿಲ್ಲ. ಎಂಜಿನ್‌ನ ಶಕ್ತಿ ಬೆಲ್ಟ್ ಮೂಲಕ ಇಂಪೆಲರ್‌ನ ಶಾಫ್ಟ್‌ಗೆ ಹೋಗುತ್ತದೆ. ಇಂಪೆಲರ್ ಅಂದರೆ ಹಿಂದೆ ಇರುವ ಫ್ಯಾನು, ಸ್ನೋವನ್ನು ಚ್ಯೂಟ್ ಅನ್ನುವ ಕೊಳವೆಯಿಂದ ಮೇಲಕ್ಕೆ ಎಸೆಯುವುದು ಅದೇ. ಆ ಶಾಫ್ಟ್ ಮುಂದೆ ಬಂದು ಬಕೆಟ್‌ನ, ಅಂದರೆ ಆಗರ್ ಕೂತಿರುವ ಮುಂದಿನ ಗೂಡಿನ, ನಟ್ಟ ನಡುವೆ ಇರುವ ಪುಟ್ಟ ಗೇರ್‌ಬಾಕ್ಸ್ ಒಳಗೆ ಸೇರುತ್ತದೆ. ಅಲ್ಲಿ ಉಕ್ಕಿನ ವರ್ಮ್ ಒಂದು ಕಂಚಿನ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ವೇಗ ಸುಮಾರು ಹತ್ತು ಪಟ್ಟು ಇಳಿಯುತ್ತದೆ, ಬಲ ಅಷ್ಟೇ ಏರುತ್ತದೆ. ಆ ಬಲ ಎಡಕ್ಕೂ ಬಲಕ್ಕೂ ಚಾಚಿದ ಅಡ್ಡ ಶಾಫ್ಟ್‌ಗೆ ಸಿಗುತ್ತದೆ. ನಮಗೆ ಕಾಣುವ ಸುರುಳಿ ಆಗರ್ ಈ ಶಾಫ್ಟ್‌ಗೆ ಬೆಸುಗೆ ಆಗಿರುವುದಿಲ್ಲ. ಕೊಳವೆಯ ಹಾಗೆ ಅದರ ಮೇಲೆ ಸುಮ್ನೆ ಕೂತಿರುತ್ತದೆ. ಎರಡನ್ನೂ ಜೋಡಿಸಿರುವುದು ಆ ಪಿನ್ ಒಂದೇ.

ಆಗರ್‌ಗೆ ಕಲ್ಲೋ ಮಂಜುಗಡ್ಡೆಯೋ ಸಿಕ್ಕಿ ಅದು ಗಕ್ಕನೆ ನಿಂತಾಗ ಹಿಂದಿನಿಂದ ಎಂಜಿನ್ ತಳ್ಳುತ್ತಲೇ ಇರುತ್ತದೆ. ಎಲ್ಲೋ ಒಂದು ಕಡೆ ಮುರಿಯಲೇಬೇಕು. ಎಲ್ಲಿ ಮುರಿಯಬೇಕು ಅಂತ ಯಂತ್ರ ಮಾಡಿದವರು ಮೊದಲೇ ತೀರ್ಮಾನ ಮಾಡಿ ಅಲ್ಲಿ ಮೆತ್ತಗಿನ ಪಿನ್ ಇಟ್ಟಿರುತ್ತಾರೆ. ಊರಲ್ಲಿ ತೋಟದ ಪಂಪ್‌ಸೆಟ್ ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ದಪ್ಪ ತಾಮ್ರದ ತಂತಿ ಸುತ್ತಿದ್ದನ್ನು ನೀವೂ ನೋಡಿರುತ್ತೀರಿ ಅಲ್ವಾ? ಫ್ಯೂಸ್ ಉಳಿಯುತ್ತೆ, ಮೋಟರ್ ಸುಟ್ಟುಹೋಗುತ್ತೆ. ನಾನು ಮಾಡಿದ್ದೂ ಅದೇ ಕೆಲಸ.

2022ರ ನವೆಂಬರ್ ಬಂತು. ಎರೀ ಸರೋವರ ಇನ್ನೂ ಹೆಪ್ಪುಗಟ್ಟಿರಲಿಲ್ಲ, ನೀರಿನಲ್ಲಿ ಬೇಸಿಗೆಯ ಬಿಸಿ ಉಳಿದಿತ್ತು. ಅದರ ಉದ್ದಕ್ಕೂ ತಣ್ಣನೆ ಗಾಳಿ ಬೀಸಿದರೆ ತೇವ ಹೀರಿಕೊಂಡು ದಡದಾಚೆ ಪಟ್ಟಿ ಪಟ್ಟಿಯಾಗಿ ಸುರಿಸುತ್ತದೆ. ಆ ಪಟ್ಟಿ ಯಾರ ಮೇಲೆ ನಿಲ್ಲುತ್ತದೋ ಅವರಿಗೆ ಮಾತ್ರ. ಕೆಲವೇ ಮೈಲಿ ಆಚೆ ರಸ್ತೆ ಕಾಣಿಸುತ್ತಿರುತ್ತದೆ. ಆ ಸಲ ಅದು ನಮ್ಮ ಮೇಲೆ ನಿಂತಿತು. ನಮ್ಮ ಕಡೆ ಸುಮಾರು 80 ಇಂಚು ಬಿತ್ತು, ಅಂದರೆ 2 ಮೀಟರ್.

ರಾತ್ರಿಯೆಲ್ಲ ಸುರಿದ ಮೇಲೆ ಹೊರಗೆ ಬಂದೆ. ರಸ್ತೆಯ ಸ್ನೋ ಬದಿಗೆ ತಳ್ಳುವ ಪ್ಲೋ ಲಾರಿ ಡ್ರೈವ್‌ವೇ ಬಾಯಿಗೆ ದೊಡ್ಡ ದಿಬ್ಬ ತಳ್ಳಿಹೋಗಿತ್ತು. ಅದು ಹತ್ತಿಯ ಥರದ ಸ್ನೋ ಅಲ್ಲ, ಒತ್ತಿ ಒತ್ತಿ ಕಲ್ಲಾಗಿರುತ್ತದೆ. ಇಲ್ಲಿ ವಾರಕ್ಕೊಮ್ಮೆ ಜಾಹೀರಾತು ಪೇಪರ್ ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡ್ರೈವ್‌ವೇಗೆ ಎಸೆದುಹೋಗುತ್ತಾರೆ. ಅಂಥದ್ದೊಂದು ಕಟ್ಟು ನೆನೆದು ಹೆಪ್ಪುಗಟ್ಟಿ ದಿಬ್ಬದ ಅಡಿಯಲ್ಲಿತ್ತು. ಆಗರ್ ಅದನ್ನು ಒಳಗೆ ಎಳೆದುಕೊಂಡಿತು. ಯಂತ್ರ ಒಮ್ಮೆ ಜಿಗಿಯಿತು. ಕರ್ ಅಂತ ಒಂದು ಸದ್ದು. ಎಂಜಿನ್ ಓಡುತ್ತಿತ್ತು, ಹಿಂದಿನ ಫ್ಯಾನ್ ತಿರುಗುತ್ತಿತ್ತು, ಎರಡೂ ಆಗರ್ ನಿಂತಿದ್ದವು. ಆಫ್ ಮಾಡಿ ಬಗ್ಗಿ ನೋಡಿದೆ. ಗೇರ್‌ಬಾಕ್ಸ್‌ನ ಜೋಡಣೆಯಿಂದ ಗ್ರೀಸು ಬಿಳಿ ಸ್ನೋ ಮೇಲೆ ತೊಟ್ಟಿಕ್ಕುತ್ತಿತ್ತು. ಅದರಲ್ಲಿ ಚಿನ್ನದ ಬಣ್ಣದ ಸಣ್ಣ ಪುಡಿ. ಕಂಚಿನ ಹಲ್ಲುಗಳು ಸವೆದು ಪುಡಿಯಾಗಿದ್ದವು. ಆರು ಗೆರೆಯ ಬೋಲ್ಟ್ ಎರಡೂ ಹೊಸದರ ಹಾಗೆ ಇದ್ದವು.

ರಿಪೇರಿ ಅಂಗಡಿಗೆ ಹೋಗುವ ಮಾತೇ ಇರಲಿಲ್ಲ, ಪ್ರಯಾಣವೇ ನಿಷೇಧ. ನಾನು, ನನ್ನ ಹೆಂಡತಿ ಸಲಿಕೆ ಹಿಡಿದು ಬಾಗಿಲಿನಿಂದ ರಸ್ತೆಗೆ ಒಬ್ಬರು ನಡೆಯುವಷ್ಟು ದಾರಿ ಮಾಡಿದೆವು. ನನಗೆ ಹೆದರಿಕೆ ಆಗಿದ್ದು ಅಲ್ಲಿ. ಆ ಬಿರುಗಾಳಿಯಲ್ಲಿ ಸ್ನೋ ತೆಗೆಯುವ ಶ್ರಮಕ್ಕೆ ಹೃದಯ ಕೈಕೊಟ್ಟು ಸತ್ತವರು ನಮ್ಮ ಎರೀ ಕೌಂಟಿಯಲ್ಲೇ ಇದ್ದರು. ಮನೆಯಲ್ಲಿ ನನ್ನ ಮಾವ ಇದ್ದರು, ಅವರಿಗೆ ಬಿಪಿ, ಷುಗರ್ ಎರಡೂ. ನಾನೂ ಒಂದು ಕೈ ಹಾಕುತ್ತೇನೆ ಅಂತ ಅವರು ಬೂಟು ಹಾಕಿಕೊಂಡು ನಿಂತಾಗ ಬಾಗಿಲಲ್ಲೇ ತಡೆಯಬೇಕಾಯಿತು. ಒಂದು ಆಂಬುಲೆನ್ಸ್ ಬರಬೇಕಾಗಿದ್ದರೆ ಎಲ್ಲಿಗೆ ಬರುತ್ತಿತ್ತು? ಗೇರ್‌ಬಾಕ್ಸ್‌ಗೆ ಆಮೇಲೆ ನೂರಾರು ಡಾಲರ್ ಹೋಯಿತು, ಒಂದು ಪಿನ್‌ಗೆ ಒಂದೆರಡು ಡಾಲರ್. ಆದರೆ ನನ್ನ ತಲೆಯಲ್ಲಿ ಉಳಿದಿರುವುದು ದುಡ್ಡಲ್ಲ, ಆ ಬಾಗಿಲು.

ಎದುರು ಮನೆಯ ಹಿರಿಯರು ನಿವೃತ್ತ ಮೆಕ್ಯಾನಿಕ್. ಸ್ನೋ ಕರಗಿದ ಮೇಲೆ ನನ್ನ ಯಂತ್ರ ಬಿಚ್ಚಿದವರು ಅವರೇ. ಬೋಲ್ಟ್ ನೋಡಿ ಒಂದು ಮಾತೂ ಅನ್ನಲಿಲ್ಲ. ನೇರ ಬಕೆಟ್‌ನ ಕೆಳಗೆ ಕೈಹಾಕಿ ಎರಡೂ ಪಕ್ಕದ ಸ್ಕಿಡ್ ಶೂ ತೋರಿಸಿದರು. ಬಕೆಟ್ ನೆಲಕ್ಕೆ ತಾಗದಂತೆ ಎತ್ತಿ ಹಿಡಿಯುವ ಪಟ್ಟಿಗಳು ಅವು. ಸವೆದು ಸವೆದು ಒಂದು ಕಡೆ ತಗಡಿನಷ್ಟಾಗಿತ್ತು. ಬಕೆಟ್ ತಗ್ಗಿ ಕಾಂಕ್ರೀಟ್ ಅಂಚಿಗೆ ಬಡಿಯುತ್ತಿತ್ತು. ಪಿನ್ ಯಾಕೆ ಮುರಿಯುತ್ತಿತ್ತು ಅಂತ ಆಗ ತಿಳಿಯಿತು.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಿನ್ ಮುರಿಯುವುದು ರೋಗ ಅಲ್ಲ. ಪಿನ್ ತನ್ನ ಕೆಲಸ ಮಾಡುತ್ತಿದೆ. ಜಾಸ್ತಿ ಪವರ್‌ನ ಯಂತ್ರ ತಂದರೆ ಅದೇ ಜಾಗದಲ್ಲಿ ಅದರ ಪಿನ್ ಕೂಡ ಮುರಿಯುತ್ತದೆ. ಮೊದಲು ನೆಲಕ್ಕೂ ಬಕೆಟ್‌ಗೂ ಎಷ್ಟು ಅಂತರ ಇದೆ ನೋಡಿ.

ಗ್ಯಾರೇಜ್‌ನ ಸಪಾಟು ನೆಲದಲ್ಲಿ ಎಂಜಿನ್ ಆಫ್ ಮಾಡಿ, ಕೀ ತೆಗೆದು, ಸ್ಪಾರ್ಕ್ ಪ್ಲಗ್‌ನ ವೈರ್ ಎಳೆದಿಡಿ. ಟೈರ್ ಗಾಳಿ ಎರಡೂ ಕಡೆ ಒಂದೇ ಇರಲಿ. ಎಷ್ಟು ಹಾಕಬೇಕು ಅಂತ ಟೈರ್ ಪಕ್ಕದಲ್ಲೇ ಬರೆದಿರುತ್ತದೆ. ಗಾಳಿ ಹೆಚ್ಚುಕಮ್ಮಿ ಇದ್ದರೆ ಬಕೆಟ್ ವಾಲುತ್ತದೆ, ಒಂದು ಮೂಲೆ ಕಾಂಕ್ರೀಟ್‌ಗೆ ಉಜ್ಜುತ್ತದೆ. ಆಮೇಲೆ ಬಕೆಟ್‌ನ ತಳದ ಸ್ಕ್ರೇಪರ್ ಪಟ್ಟಿಯ ಕೆಳಗೆ ಬಣ್ಣ ಕಲಕುವ ತೆಳು ಮರದ ಕಡ್ಡಿ ಎರಡು ತುದಿಗೂ ಇಡಿ. ಸ್ಕಿಡ್ ಶೂ ಬೋಲ್ಟ್ ಸಡಿಲಿಸಿ, ಶೂ ನೆಲಕ್ಕೆ ಕೂರುವಂತೆ ಇಳಿಸಿ, ಬಿಗಿ ಮಾಡಿ. ಕಡ್ಡಿ ತೆಗೆದರೆ 3 ಮಿಲಿಮೀಟರ್ ಆಸುಪಾಸು ಅಂತರ ಉಳಿಯುತ್ತದೆ. ನಯವಾದ ಡ್ರೈವ್‌ವೇಗೆ ಇಷ್ಟು ಸಾಕು. ಜಲ್ಲಿ ಹಾಸಿದ ಜಾಗವಾದರೆ ಒಂದು ಇಂಚಾದರೂ ಎತ್ತಬೇಕು, ಇಲ್ಲದಿದ್ದರೆ ಕಲ್ಲು ಚ್ಯೂಟ್‌ನಿಂದ ಹಾರಿ ಯಾರದೋ ಕಿಟಕಿಗೋ ಕಣ್ಣಿಗೋ ಬೀಳುತ್ತದೆ. ಇಲ್ಲಿನ ಚಳಿಗೆ ಕಾಂಕ್ರೀಟ್ ಹಲಗೆಗಳು ಅಡಿಯಿಂದ ಉಬ್ಬಿ ಏರುಪೇರಾಗುತ್ತವೆ. ನಮ್ಮ ಫುಟ್‌ಪಾತ್ ಹತ್ತಿರ ಆಗಿದ್ದು ಅದೇ. ಆ ಅಂಚಿಗೆ ಬಂದಾಗ ಹ್ಯಾಂಡಲ್ ಸ್ವಲ್ಪ ಅದುಮಿ ಬಕೆಟ್ ಎತ್ತಿ ದಾಟಿಸುತ್ತೇನೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಸರಿಯಾದ ಪಿನ್ ಹಾಕಿದರೂ ಆಗರ್ ತುಕ್ಕು ಹಿಡಿದು ಶಾಫ್ಟ್‌ಗೆ ಅಂಟಿಕೊಂಡಿದ್ದರೆ ಪಿನ್ ಇದ್ದೂ ಇಲ್ಲದ ಹಾಗೆ. ಪಿನ್ ಮುರಿದರೂ ಆಗರ್ ಬಿಡುವುದಿಲ್ಲ, ಹೊಡೆತ ಗೇರ್‌ಗೇ ಹೋಗುತ್ತದೆ. ಪ್ರತಿ ವರ್ಷ ಸ್ನೋ ಶುರುವಾಗುವ ಮೊದಲು ಎರಡೂ ಪಿನ್ ತೆಗೆದು ಆಗರ್ ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು. ಗ್ರೀಸ್ ನಿಪ್ಪಲ್ ಇದ್ದರೆ ಗ್ರೀಸ್ ಒತ್ತಿ, ಮತ್ತೆ ತಿರುಗಿಸಿ ಹರಡಿಸಿ. ಹಳೆಯ ಯಂತ್ರ ಅಂದಿರಲ್ಲ, ಇದನ್ನು ಖಂಡಿತ ಮಾಡಿ.

ಈಗ ಕೈ ವಿಷಯ. ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಮಾರ್ಚ್‌ನ ಸ್ನೋ ಒದ್ದೆ, ಭಾರ. ಚ್ಯೂಟ್ ಕಟ್ಟಿಕೊಳ್ಳುತ್ತದೆ. ಮುಂದೆ ಬಂದು ಕೈಯಲ್ಲಿ ಕಿತ್ತು ಹಾಕೋಣ ಅನಿಸುತ್ತದೆ. ಯಾವ ಕಾರಣಕ್ಕೂ ಬೇಡ, ಎಂಜಿನ್ ಆಫ್ ಆಗಿದ್ದರೂ ಬೇಡ. ಆಫ್ ಮಾಡಿದ ಮೇಲೂ ಬೆಲ್ಟ್‌ನಲ್ಲಿ ಬಿಗಿ ಉಳಿದಿರಬಹುದು. ಒಮ್ಮೆ ಹೀಗೇ ಆಫ್ ಮಾಡಿ, ಕೀ ತೆಗೆದು, ವೈರ್ ಎಳೆದು, ಕೋಲಿನಿಂದ ಚ್ಯೂಟ್ ಒಳಗೆ ಕುಕ್ಕುತ್ತಿದ್ದೆ. ಗಟ್ಟಿ ಸ್ನೋ ಬಿಟ್ಟುಕೊಂಡ ಕ್ಷಣ ಒಳಗಿನ ಫ್ಯಾನ್ ತಾನಾಗಿ ಜರ್ರನೆ ಅಲುಗಿ ಕೋಲನ್ನು ನನ್ನ ಕೈಯಿಂದ ಹೊಡೆದು ತಳ್ಳಿತು. ಅಲ್ಲಿ ಬೆರಳಿದ್ದಿದ್ದರೆ ಹೋಗಿರುತ್ತಿತ್ತು. ದಪ್ಪ ಗ್ಲೌಸ್ ಇದ್ದರೆ ಪರವಾಗಿಲ್ಲ ಅನ್ನುವವರ ಮಾತು ಕೇಳಬೇಡಿ, ಗ್ಲೌಸ್ ಸಮೇತ ಎಳೆದುಕೊಳ್ಳುತ್ತದೆ. ಎಂಜಿನ್ ಆಫ್, ಕೀ ಹೊರಗೆ, ವೈರ್ ಹೊರಗೆ, ಎಲ್ಲ ನಿಲ್ಲುವವರೆಗೆ ಕಾಯುವುದು, ಆಮೇಲೆ ಕೋಲು. ಈಗಿನ ಯಂತ್ರಗಳಲ್ಲಿ ಬಕೆಟ್ ಮೇಲೆಯೇ ಪ್ಲಾಸ್ಟಿಕ್ ಕೋಲು ಸಿಕ್ಕಿಸಿರುತ್ತಾರೆ. ನಿಮ್ಮದರಲ್ಲಿ ಇಲ್ಲದಿದ್ದರೆ ಮುರಿದ ಸಲಿಕೆಯ ಹಿಡಿಯೂ ಆಗುತ್ತದೆ.

ಹ್ಯಾಂಡಲ್‌ನ ಲಿವರ್ ಬಿಟ್ಟ ತಕ್ಷಣ ಆಗರ್ ನಿಲ್ಲಬೇಕು. ಕೈ ನೋಯುತ್ತದೆ ಅಂತ ಅದನ್ನು ಹಗ್ಗದಲ್ಲಿ ಕಟ್ಟಿದವರನ್ನು ನೋಡಿದ್ದೇನೆ. ಹಿಂದಿನ ಮಾಲೀಕರು ಹಾಗೆ ಏನಾದರೂ ಕಟ್ಟಿದ್ದರೆ ಕತ್ತರಿಸಿ ಎಸೆಯಿರಿ.

ಕಟ್ಟಿಕೊಳ್ಳದಂತೆ ಓಡಿಸುವುದೂ ಕಷ್ಟವಲ್ಲ. ಎಂಜಿನ್ ಯಾವಾಗಲೂ ಪೂರ್ತಿ ಥ್ರಾಟಲ್, ನಡಿಗೆ ಮಾತ್ರ ನಿಧಾನ. ಭಾರದ ಸ್ನೋ ಇದ್ದರೆ ಬಕೆಟ್‌ನ ಅರ್ಧ ಅಗಲಕ್ಕಷ್ಟೇ ತಗೊಳ್ಳಿ. ಪ್ಲೋ ದಿಬ್ಬವನ್ನು ಮೇಲಿನಿಂದ ಸ್ವಲ್ಪ ಸ್ವಲ್ಪವೇ ಕೊರೆಯಿರಿ. ದೊಡ್ಡ ಬಿರುಗಾಳಿಯಲ್ಲಿ ಎಲ್ಲ ನಿಂತ ಮೇಲೆ ಹೋಗುವ ಬದಲು ನಡುನಡುವೆ ಹೋಗಿ ತೆಗೆಯುವುದು ಮೇಲು. ಮುಗಿದ ಮೇಲೆ ಒಂದೆರಡು ನಿಮಿಷ ಆಗರ್ ಖಾಲಿ ಓಡಿಸಿ, ಇಲ್ಲದಿದ್ದರೆ ಒಳಗಿನ ನೀರು ಹೆಪ್ಪುಗಟ್ಟಿ ಮರುದಿನ ಫ್ಯಾನ್ ಅಲುಗುವುದಿಲ್ಲ. ಮಕ್ಕಳು ಹೊರಗೆ ಆಡುತ್ತಿದ್ದರೆ ಯಂತ್ರ ಶುರು ಮಾಡಲೇಬೇಡಿ. ಗ್ಯಾರೇಜ್ ಬಾಗಿಲು ತೆರೆದಿದ್ದರೂ ಒಳಗೆ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮನೆಯೊಳಗೆ ಸೇರುತ್ತದೆ. ಪೆಟ್ರೋಲ್ ತಣ್ಣಗಿನ ಎಂಜಿನ್‌ಗೆ, ಹೊರಗೆ ನಿಂತು ಹಾಕಿ. ವಸಂತದಲ್ಲಿ ಟ್ಯಾಂಕ್ ಖಾಲಿ ಮಾಡಿ ಕಾರ್ಬ್ಯುರೇಟರ್ ಒಣಗುವವರೆಗೆ ಓಡಿಸಿಡಿ. ಇಲ್ಲಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ, ಬೇಸಿಗೆ ಪೂರ್ತಿ ಬಿಟ್ಟರೆ ಒಳಗೆ ಅಂಟಾಗುತ್ತದೆ.

ನವೆಂಬರ್‌ಗೆ ಮುಂಚೆ ಡ್ರೈವ್‌ವೇಯನ್ನು ಒಮ್ಮೆ ನಡೆದು ನೋಡಿ. ಕಾಲೊರಸು, ನಾಯಿಯ ಸರಪಳಿ, ದೀಪದ ವೈರು, ಕಲ್ಲು, ಎಲ್ಲ ಎತ್ತಿಡಿ. ಸ್ನೋ ಬಿದ್ದ ಮೇಲೂ ಅಂಚು ಗೊತ್ತಾಗಲು ನೆಲ ಗಟ್ಟಿಯಾಗುವ ಮೊದಲೇ ಅಲ್ಲಿ ಕಡ್ಡಿ ನೆಡಿ. ಆ ಜಾಹೀರಾತು ಪೇಪರ್ ನಿಲ್ಲಿಸಲು ಫೋನ್ ಮಾಡಿ. ನಾನು ಮಾಡಿದ್ದೇನೆ, ನಿಂತಿದೆ.

ಹೊಸ ಯಂತ್ರ ಈ ವರ್ಷ ಬೇಡ. ನಿಮ್ಮದರ ಮಾಡೆಲ್ ನಂಬರ್ ಸಾಮಾನ್ಯವಾಗಿ ಫ್ರೇಮ್‌ನ ಹಿಂಭಾಗದ ಸ್ಟಿಕರ್ ಮೇಲೆ ಇರುತ್ತದೆ, ತುಕ್ಕು ಮುಚ್ಚಿದ್ದರೆ ಬಟ್ಟೆಯಲ್ಲಿ ಒರೆಸಿ ನೋಡಿ. ಅದಕ್ಕೆ ಹೊಂದುವ ಪಿನ್ ಒಂದು ಡಜನ್ ತಂದು, ಎರಡನ್ನು ನಟ್ಟು ಸಮೇತ ಹ್ಯಾಂಡಲ್‌ಗೆ ಟೇಪ್ ಸುತ್ತಿಡಿ. ನಂಬರ್ ಇಲ್ಲಿ ಬರೆದರೆ ಯಾವ ಪಿನ್ ಅಂತ ನಾನೇ ಹುಡುಕಿ ಹೇಳುತ್ತೇನೆ. ಸ್ಕಿಡ್ ಶೂ ಫೋಟೋ ಕೂಡ ಹಾಕಿ. ಕೆಲವನ್ನು ತಿರುಗಿಸಿ ಇನ್ನೊಂದು ಬದಿಯಿಂದ ಬಳಸಬಹುದು, ಹೊಸದು ಕೊಳ್ಳುವುದೇ ಬೇಕಾಗದೇ ಇರಬಹುದು.